ತಲೆಯ ಮೇಲಿನ ಮಾಯದ ಹುಣ್ಣು: ಕತ್ತರಿಸಿದ ಜಾಗವನ್ನು ಮುಚ್ಚುವುದು ಹೇಗೆ?

ತಲೆಯ ಮೇಲೊಂದು ಹುಣ್ಣು ಏಳುತ್ತದೆ. ಒಣಗಿದಂತೆ ಕಾಣುತ್ತದೆ, ಹಕ್ಕಳೆ ಉದುರುತ್ತದೆ, ಮತ್ತೆ ಒಸರುತ್ತದೆ. ಅದೇ ಹುಣ್ಣು ಕೆನ್ನೆಯ ಮೇಲಿದ್ದರೆ ಮನೆಯವರು, ನೆರೆಹೊರೆಯವರು ಒಂದೇ ವಾರದಲ್ಲಿ ವಿಚಾರಿಸುತ್ತಿದ್ದರು. ತಲೆಯ ಮೇಲಾದರೆ ಕೂದಲು ಅದನ್ನು ಮರೆಮಾಡುತ್ತದೆ. ಕೂದಲಿನ ಮೇಲೆ ಟೋಪಿಯೋ ಶಾಲೋ ಇರುತ್ತದೆ. ಹೀಗೆ ಯಾರ ಕಣ್ಣಿಗೂ ಬೀಳದೆ ಬೆಳೆದ ಹುಣ್ಣು ವೈದ್ಯರ ಮುಂದೆ ಬರುವಾಗ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದಿರುತ್ತವೆ.

ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಕೆಲವರು ಇನ್ನಷ್ಟು ತಡ ಮಾಡುತ್ತಾರೆ. ಅವರನ್ನು ತಡೆಯುವುದು ಭಯ. "ತಲೆಯ ಚರ್ಮ ಕತ್ತರಿಸಿ ತೆಗೆದರೆ ಬುರುಡೆ ಹಾಗೇ ತೆರೆದಿರುತ್ತದೆಯೇ? ಮಿದುಳಿಗೆ ಏನೂ ಆಗುವುದಿಲ್ಲವೇ? ಆ ಜಾಗಕ್ಕೆ ಚರ್ಮ ಎಲ್ಲಿಂದ ತರುತ್ತಾರೆ?" ಇವು ಸಹಜ ಪ್ರಶ್ನೆಗಳು. ಇವಕ್ಕೆ ಇಂದಿನ ವೈದ್ಯಶಾಸ್ತ್ರದಲ್ಲಿ ಸ್ಪಷ್ಟ ಉತ್ತರಗಳಿವೆ. ತಲೆಯ ಮೇಲಿನ ಎಷ್ಟೇ ದೊಡ್ಡ ಗಾಯವನ್ನಾದರೂ ಮುಚ್ಚಲು ಒಂದಲ್ಲ ಒಂದು ದಾರಿಯಿದೆ. ಆದರೆ ಆ ದಾರಿ ಸುಲಭದ್ದೋ ಕಷ್ಟದ್ದೋ ಎಂಬುದು ಬಹುಮಟ್ಟಿಗೆ ನಾವು ಯಾವಾಗ ವೈದ್ಯರ ಬಳಿ ಹೋಗುತ್ತೇವೆ ಎಂಬುದನ್ನು ಅವಲಂಬಿಸಿದೆ.

ಯಾವ ಹುಣ್ಣನ್ನು ಸಂಶಯಿಸಬೇಕು?

ಮೊದಲು ಒಂದು ಸಮಾಧಾನದ ಮಾತು. ತಲೆಯ ಮೇಲಿನ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಚರ್ಮದಡಿ ನುಣುಪಾಗಿ, ಗುಂಡಗೆ ಇರುವ, ವರ್ಷಗಟ್ಟಲೆ ಹೆಚ್ಚು ಬೆಳೆಯದ ಗಂಟುಗಳು ಸಾಮಾನ್ಯವಾಗಿ ಕೂದಲಿನ ಬುಡದಲ್ಲಿ ಹುಟ್ಟುವ ನಿರಪಾಯಕಾರಿ ಚೀಲಗಳು. ಹೊಟ್ಟು, ಹುಳಕಡ್ಡಿ, ಸೋರಿಯಾಸಿಸ್ ಮುಂತಾದವುಗಳಿಂದಲೂ ತಲೆಯಲ್ಲಿ ಹಕ್ಕಳೆಗಳು ಏಳುತ್ತವೆ. ಇವೆಲ್ಲಕ್ಕೂ ಚಿಕಿತ್ಸೆಯಿದೆ.

ಸಂಶಯಿಸಬೇಕಾದದ್ದು ಮೂರು ನಾಲ್ಕು ವಾರಗಳಾದರೂ ಮಾಯದ ಹುಣ್ಣನ್ನು. ಬಾಚಣಿಗೆ ತಾಗಿದರೆ ಸಾಕು ರಕ್ತ ಬರುವ, ಅಂಚು ದಪ್ಪಗಾಗಿ ಮೇಲೆದ್ದಿರುವ, ವಾಸನೆ ಬರುವ ಹುಣ್ಣು, ದಿನೇ ದಿನೇ ಬೆಳೆಯುವ ಗಂಟು, ಬಣ್ಣ ಅಥವಾ ಆಕಾರ ಬದಲಾಗುತ್ತಿರುವ ಮಚ್ಚೆ, ಏಟು ಬೀಳದಿದ್ದರೂ ಹರಡುತ್ತಿರುವ ನೇರಳೆ ಬಣ್ಣದ ಕಲೆ, ಇವನ್ನು ವೈದ್ಯರಿಗೆ ತೋರಿಸಲೇಬೇಕು. ಕಿವಿಯ ಮುಂದೆ ಅಥವಾ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡರೆ ಇನ್ನೂ ಬೇಗ ತೋರಿಸಬೇಕು. ತಲೆಯ ಚರ್ಮದ ಕ್ಯಾನ್ಸರ್ ಹರಡುವುದಾದರೆ ಹೆಚ್ಚಾಗಿ ಅಲ್ಲಿನ ದುಗ್ಧಗ್ರಂಥಿಗಳಿಗೆ ಹರಡುತ್ತದೆ.

ಬಿಳಿ ಚರ್ಮದ ಜನರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ನಮ್ಮ ಚರ್ಮದ ಕಪ್ಪು ವರ್ಣದ್ರವ್ಯ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಆದರೆ ನಮ್ಮಲ್ಲಿ ಇನ್ನೊಂದು ಅಪಾಯವಿದೆ. ಅದು ಹಳೆಯ ಸುಟ್ಟ ಗಾಯದ ಕಲೆ. ಮಗುವಾಗಿದ್ದಾಗ ತಲೆಯ ಮೇಲೆ ಬಿಸಿನೀರು ಬಿದ್ದೋ ಬೆಂಕಿ ತಾಗಿಯೋ ಆದ ಗಾಯ ಒಣಗಿ, ಕೂದಲಿಲ್ಲದ ಬೋಳು ಕಲೆಯಾಗಿ ಉಳಿದಿರುತ್ತದೆ. ದಶಕಗಳು ಕಳೆದ ಮೇಲೆ ಅದೇ ಕಲೆಯಲ್ಲಿ ಒಂದು ಬಿರುಕು ಬಿಟ್ಟು ಹುಣ್ಣಾಗಿ, ಮಾಯದೆ ಕ್ಯಾನ್ಸರ್ ಆಗಿ ಬದಲಾಗಬಹುದು. ಫ್ರಾನ್ಸಿನ ಸರ್ಜನ್ ಮಾರ್ಜೊಲಿನ್ 1828ರಲ್ಲಿ ಇಂಥ ಹಳೆಯ ಕಲೆಗಳಲ್ಲಿ ಹುಟ್ಟುವ ಹುಣ್ಣುಗಳನ್ನು ವರ್ಣಿಸಿದ ಕಾರಣ ವೈದ್ಯರು ಇದನ್ನು ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಯಾರ ತಲೆಯಲ್ಲಾದರೂ ಅಂಥ ಹಳೆಯ ಕಲೆಯಿದ್ದರೆ ಆಗಾಗ ಅದನ್ನು ನೋಡುತ್ತಿರಿ.

ಹುಣ್ಣಿನ ಮೇಲೆ ಸುಣ್ಣ, ಸೊಪ್ಪಿನ ರಸ, ಎಣ್ಣೆ ಹಚ್ಚುತ್ತಾ ತಿಂಗಳುಗಳನ್ನು ಕಳೆಯಬೇಡಿ. ಹುಣ್ಣಿರುವ ಜಾಗದಲ್ಲಿ ಹಿಜಾಮಾ ಮಾಡಿಸಬೇಡಿ. ಖಚಿತವಾಗಿ ತಿಳಿಯಲು ಇರುವ ದಾರಿ ಬಯಾಪ್ಸಿ, ಅಂದರೆ ಆ ಜಾಗವನ್ನು ಮರಗಟ್ಟಿಸಿ ಸಣ್ಣ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. "ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ" ಎಂದು ಹೇಳುವವರಿದ್ದಾರೆ. ಚರ್ಮದ ಹುಣ್ಣಿನ ಬಯಾಪ್ಸಿಯಿಂದ ಹಾಗಾಗುತ್ತದೆ ಎಂದು ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಪರೀಕ್ಷೆ ಮಾಡಿಸದೆ ಕಳೆಯುವ ತಿಂಗಳುಗಳಿಗೆ.

ಸ್ತ್ರೀಯರಿಗೆ ಪುರುಷ ವೈದ್ಯರ ಮುಂದೆ ತಲೆ ತೆರೆಯಲು ಸಂಕೋಚವಾಗುವುದುಂಟು. ವೈದ್ಯೆಯನ್ನು ಕೇಳಬಹುದು. ಅದು ಸಾಧ್ಯವಾಗದಿದ್ದರೆ ನರ್ಸ್ ಮತ್ತು ಮನೆಯವರೊಬ್ಬರು ಜೊತೆಗಿರಲಿ ಎಂದು ಹೇಳಬಹುದು. ಪರೀಕ್ಷೆಗೆ ಬೇಕಾದಷ್ಟು ಜಾಗವನ್ನು ಮಾತ್ರ ತೆರೆದರೆ ಸಾಕು. ಸಂಕೋಚದ ಕಾರಣದಿಂದ ಪರೀಕ್ಷೆಯನ್ನೇ ಬಿಡಬಾರದು.

ತಲೆಯ ಚರ್ಮದ ಐದು ಪದರಗಳು

ಹೊಟ್ಟೆಯ ಅಥವಾ ತೋಳಿನ ಚರ್ಮವನ್ನು ಚಿಮುಟಿ ಎಳೆದು ನೋಡಿ, ಅದು ಸುಲಭವಾಗಿ ಮೇಲೇಳುತ್ತದೆ. ನಡುನೆತ್ತಿಯ ಚರ್ಮವನ್ನು ಹಾಗೆ ಹಿಡಿಯಲು ಆಗುವುದಿಲ್ಲ. ಅಂಗೈ ಇಟ್ಟು ತಳ್ಳಿದರೆ ಇಡಿಯಾಗಿ ಹಿಂದೆ ಮುಂದೆ ಸ್ವಲ್ಪ ಜರುಗುತ್ತದೆ, ಅಷ್ಟೆ. ತಲೆಯ ಗಾಯವನ್ನು ಮುಚ್ಚುವ ಕಷ್ಟವೆಲ್ಲ ಈ ಗುಣದಲ್ಲಿದೆ.

ತಲೆಯ ಮೇಲೆ ಒಂದರ ಕೆಳಗೊಂದು ಐದು ಪದರಗಳಿವೆ. ಮೊದಲನೆಯದು ಕೂದಲಿರುವ ದಪ್ಪ ಚರ್ಮ. ಎರಡನೆಯದು ಕೊಬ್ಬು ಮತ್ತು ಬಿಗಿಯಾದ ನಾರುಗಳ ಪದರ. ತಲೆಯ ರಕ್ತನಾಳಗಳು ಇದರಲ್ಲಿವೆ. ಈ ನಾರುಗಳು ನಾಳಗಳ ಗೋಡೆಯನ್ನು ಹಿಡಿದುಕೊಂಡಿರುವುದರಿಂದ ತುಂಡಾದ ನಾಳ ಬೇಗ ಮುದುಡಿಕೊಳ್ಳುವುದಿಲ್ಲ. ತಲೆಗೆ ಸಣ್ಣ ಏಟು ಬಿದ್ದರೂ ಧಾರಾಳವಾಗಿ ರಕ್ತ ಸುರಿಯುವುದು ಇದರಿಂದಲೇ. ಮೂರನೆಯದು ಹಣೆಯ ಸ್ನಾಯುವಿನಿಂದ ಹಿಂದಲೆಯ ಸ್ನಾಯುವಿನವರೆಗೆ ಹಾಸಿರುವ ಗಟ್ಟಿಯಾದ, ಹಿಗ್ಗದ ಹಾಳೆ. ನಾಲ್ಕನೆಯದು ಸಡಿಲವಾದ ಪದರ. ಮೇಲಿನ ಮೂರೂ ಪದರಗಳು ಇದರ ಮೇಲೆ ಜಾರುತ್ತವೆ. ಐದನೆಯದು ಬುರುಡೆಯ ಎಲುಬಿಗೆ ಅಂಟಿಕೊಂಡಿರುವ ತೆಳು ಪೊರೆ.

ಈ ಐದನೆಯ ಪೊರೆಯನ್ನು ನೆನಪಿಟ್ಟುಕೊಳ್ಳಿ. ಅದರಲ್ಲಿ ಸಣ್ಣ ರಕ್ತನಾಳಗಳಿವೆ. ಆ ಪೊರೆ ಉಳಿದಿದ್ದರೆ ಅದರ ಮೇಲೆ ಹೊಸ ಚರ್ಮವನ್ನು ಬೆಳೆಸಬಹುದು. ಅದು ಹೋದರೆ ಒಣ ಎಲುಬು ಮಾತ್ರ ಉಳಿಯುತ್ತದೆ. ಒಣ ಎಲುಬಿನ ಮೇಲೆ ಕಸಿ ಮಾಡಿದ ಚರ್ಮ ಬದುಕುವುದಿಲ್ಲ. ಬಂಡೆಯ ಮೇಲೆ ಬಿತ್ತಿದ ಬೀಜದ ಹಾಗೆ ಒಣಗಿಹೋಗುತ್ತದೆ.

ಮೊದಲು ರೋಗ, ಆಮೇಲೆ ಮುಚ್ಚುವ ಕೆಲಸ

ಕಣ್ಣಿಗೆ ಕಾಣುವ ಹುಣ್ಣನ್ನಷ್ಟೇ ತೆಗೆದರೆ ಸಾಲದು. ಮರದ ಬೇರಿನಂತೆ ಕ್ಯಾನ್ಸರಿನ ಕಣಗಳು ಸುತ್ತಲೂ ಕಾಣದಂತೆ ಹರಡಿರಬಹುದು. ಆದ್ದರಿಂದ ಸರ್ಜನ್ ಹುಣ್ಣಿನ ಸುತ್ತ ಆರೋಗ್ಯವಾಗಿ ಕಾಣುವ ಚರ್ಮದ ಒಂದು ಅಂಚನ್ನೂ ಸೇರಿಸಿ ತೆಗೆಯುತ್ತಾರೆ. ಅಪಾಯ ಕಡಿಮೆಯಿರುವ ಬಗೆಗಳಲ್ಲಿ ಈ ಅಂಚು 4ರಿಂದ 6 ಮಿಲಿಮೀಟರ್ ಇರಬಹುದು. ಮಚ್ಚೆಯಿಂದ ಹುಟ್ಟುವ ಮೆಲನೋಮಾದಂಥ ಉಗ್ರ ಬಗೆಗಳಲ್ಲಿ 1ರಿಂದ 2 ಸೆಂಟಿಮೀಟರ್ ಬೇಕಾಗಬಹುದು. ಹೀಗಾಗಿ ಒಂದು ರೂಪಾಯಿ ನಾಣ್ಯದಷ್ಟಿರುವ ಹುಣ್ಣನ್ನು ತೆಗೆದ ಮೇಲೆ ಉಳಿಯುವ ಗಾಯ ಅದಕ್ಕಿಂತ ಬಹಳ ದೊಡ್ಡದಾಗಿರುತ್ತದೆ. ರೋಗ ಆಳಕ್ಕೆ ಇಳಿದಿದ್ದರೆ ಎಲುಬಿನ ಪೊರೆಯನ್ನೂ, ಕೆಲವೊಮ್ಮೆ ಬುರುಡೆಯ ಹೊರಪದರವನ್ನೂ ತೆಗೆಯಬೇಕಾಗುತ್ತದೆ.

ತೆಗೆದ ಭಾಗದ ಅಂಚುಗಳನ್ನು ಪೆಥಾಲಜಿ ವಿಭಾಗದಲ್ಲಿ ಪರೀಕ್ಷಿಸುತ್ತಾರೆ. ಅಂಚಿನಲ್ಲಿ ಕ್ಯಾನ್ಸರ್ ಇಲ್ಲವೆಂದಾದರೆ ಮಾತ್ರ ರೋಗ ಪೂರ್ತಿ ಹೋಗಿದೆ ಎಂದು ನಂಬಬಹುದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ಒಂದು ಸೂಕ್ಷ್ಮ ವಿಧಾನವನ್ನು ರೂಪಿಸಿದರು. ಪದರ ಪದರವಾಗಿ ತೆಗೆಯುವುದು, ಪ್ರತಿ ಪದರವನ್ನೂ ಪರೀಕ್ಷಿಸುವುದು, ರೋಗ ಉಳಿದಿರುವ ಕಡೆ ಮಾತ್ರ ಮತ್ತೆ ತೆಗೆಯುವುದು. ಇದರಿಂದ ಒಳ್ಳೆಯ ಚರ್ಮ ಹೆಚ್ಚು ಉಳಿಯುತ್ತದೆ. ಈ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ.

ಕೆಲವೊಮ್ಮೆ ಸರ್ಜನ್ ಗಾಯವನ್ನು ಅಂದೇ ಮುಚ್ಚದೆ ಡ್ರೆಸ್ಸಿಂಗ್ ಮಾಡಿ, ಪೆಥಾಲಜಿ ವರದಿ ಬಂದ ಮೇಲೆ ಮುಚ್ಚುತ್ತಾರೆ. "ಅರ್ಧ ಆಪರೇಶನ್ ಮಾಡಿ ಬಿಟ್ಟರು" ಎಂದು ಮನೆಯವರು ಗಾಬರಿಯಾಗುವುದುಂಟು. ಇದು ಅರ್ಧ ಕೆಲಸವಲ್ಲ, ಜಾಗರೂಕತೆಯ ಕೆಲಸ. ಅಕ್ಕಪಕ್ಕದ ಚರ್ಮವನ್ನೆಲ್ಲ ಎಬ್ಬಿಸಿ ತಿರುಗಿಸಿ ಮುಚ್ಚಿದ ಮೇಲೆ ಅಂಚಿನಲ್ಲಿ ರೋಗ ಉಳಿದಿದೆ ಎಂದು ಗೊತ್ತಾದರೆ, ಆ ಅಂಚು ಈಗ ಎಲ್ಲಿಗೆ ಹೋಗಿದೆ ಎಂದು ಹುಡುಕುವುದೇ ಕಷ್ಟವಾಗುತ್ತದೆ.

ಸುಮಾರು ಸಾವಿರ ವರ್ಷಗಳ ಹಿಂದೆ ಕೊರ್ಡೋವಾದ ಸರ್ಜನ್ ಅಬುಲ್ ಕಾಸಿಮ್ ಅಲ್ ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದಿದ್ದಾರೆ. ಗಡ್ಡೆ ಚಿಕ್ಕದಾಗಿದ್ದು, ಪೂರ್ತಿಯಾಗಿ ತೆಗೆಯಬಲ್ಲ ಜಾಗದಲ್ಲಿರುವಾಗ ಆರಂಭದಲ್ಲೇ ತೆಗೆಯಬೇಕು, ಹಳೆಯದಾಗಿ ದೊಡ್ಡದಾದ ಮೇಲೆ ಅದಕ್ಕೆ ಕೈ ಹಾಕಬಾರದು ಎಂಬುದು ಅವರ ಅಭಿಪ್ರಾಯ. ಅರಿವಳಿಕೆಯಾಗಲಿ ಕಸಿಯಾಗಲಿ ಇಲ್ಲದ ಆ ಕಾಲದಲ್ಲಿ ದೊಡ್ಡ ಗಡ್ಡೆಯನ್ನು ತೆಗೆಯಲು ದಾರಿಯಿರಲಿಲ್ಲ. ಇಂದು ದಾರಿಯಿದೆ. ಆದರೆ ಅವರ ಮಾತಿನ ಮೊದಲ ಅರ್ಧ ಇಂದಿಗೂ ಹಾಗೆಯೇ ಸತ್ಯ.

ಮುಚ್ಚುವ ದಾರಿಗಳು

ನೇರ ಹೊಲಿಗೆ. ಗಾಯ ಚಿಕ್ಕದಾಗಿದ್ದರೆ ಎರಡು ಅಂಚುಗಳನ್ನು ಎಳೆದು ಹೊಲಿದರೆ ಮುಗಿಯಿತು. ಹಿಗ್ಗದ ಆ ಮೂರನೆಯ ಹಾಳೆಯಿಂದಾಗಿ ಸುಮಾರು 3 ಸೆಂಟಿಮೀಟರಿಗಿಂತ ಅಗಲದ ಗಾಯವನ್ನು ಹೀಗೆ ಮುಚ್ಚುವುದು ಕಷ್ಟ. ಇದಕ್ಕೆ ಸಾಮಾನ್ಯವಾಗಿ ಆ ಜಾಗವನ್ನು ಮಾತ್ರ ಮರಗಟ್ಟಿಸಿದರೆ ಸಾಕು. ರೋಗಿ ಬೇಗನೆ ಮನೆಗೆ ಹೋಗಬಹುದು. ಒಂದು ಗೆರೆಯಷ್ಟು ಕಲೆ ಉಳಿಯುತ್ತದೆ, ಅದೂ ಕೂದಲಿನೊಳಗೆ ಮರೆಯಾಗುತ್ತದೆ.

ಚರ್ಮದ ಕಸಿ. ಗಾಯ ದೊಡ್ಡದು, ಆದರೆ ಎಲುಬಿನ ಪೊರೆ ಉಳಿದಿದೆ ಎಂದಾದರೆ ಇದು ಸರಳ ಉಪಾಯ. ತೊಡೆಯಿಂದ ಕಾಗದದಷ್ಟು ತೆಳುವಾದ ಚರ್ಮದ ಪದರವನ್ನು ತೆಗೆದು ಗಾಯದ ಮೇಲೆ ಹಾಸುತ್ತಾರೆ. ಮೊದಲ ಒಂದೆರಡು ದಿನ ಆ ಚರ್ಮ ಕೆಳಗಿನಿಂದ ಒಸರುವ ದ್ರವವನ್ನು ಹೀರಿ ಬದುಕುತ್ತದೆ. ಆಮೇಲೆ ಕೆಳಗಿನ ಪೊರೆಯ ರಕ್ತನಾಳಗಳು ಅದರೊಳಗೆ ಬೆಳೆಯುತ್ತವೆ. ಈ ದಿನಗಳಲ್ಲಿ ಕಸಿ ಒಂದಿಷ್ಟೂ ಜರುಗಬಾರದು. ಅದಕ್ಕಾಗಿಯೇ ಅದರ ಮೇಲೆ ಹತ್ತಿಯ ಉಂಡೆಯನ್ನು ಬಿಗಿಯಾಗಿ ಕಟ್ಟಿ ಸುಮಾರು ಐದರಿಂದ ಏಳು ದಿನ ಬಿಚ್ಚದೆ ಇಡುತ್ತಾರೆ. ತೊಡೆಯ ಗಾಯ ಎರಡು ಮೂರು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಕಸಿಯ ಜಾಗದಲ್ಲಿ ಕೂದಲು ಬರುವುದಿಲ್ಲ, ಸ್ವಲ್ಪ ತಗ್ಗಾಗಿ, ಬಣ್ಣ ಬೇರೆಯಾಗಿ ಕಾಣುತ್ತದೆ.

"ಬೇರೆಯವರ ಚರ್ಮ ಹಾಕುತ್ತಾರೆಯೇ?" ಎಂದು ಕೆಲವರು ಆತಂಕದಿಂದ ಕೇಳುತ್ತಾರೆ. ಇಲ್ಲ. ಬೇರೆಯವರ ಚರ್ಮವನ್ನು ನಮ್ಮ ದೇಹ ಹೊರದಬ್ಬುತ್ತದೆ. ಶಾಶ್ವತವಾಗಿ ನಿಲ್ಲುವುದು ರೋಗಿಯದೇ ಚರ್ಮ.

ಪಕ್ಕದ ಚರ್ಮವನ್ನು ತಿರುಗಿಸುವುದು. ಇದನ್ನು ಫ್ಲಾಪ್ ಎನ್ನುತ್ತಾರೆ. ಗಾಯದ ಪಕ್ಕದಲ್ಲಿ ಅರ್ಧಚಂದ್ರಾಕಾರವಾಗಿ ಕೊಯ್ದು, ಸಡಿಲವಾದ ನಾಲ್ಕನೆಯ ಪದರದಲ್ಲಿ ಚರ್ಮವನ್ನು ಎಬ್ಬಿಸಿ, ಗಾಯದ ಮೇಲೆ ತಿರುಗಿಸಿ ಹೊಲಿಯುತ್ತಾರೆ. ಒಂದು ಬದಿ ತಲೆಗೆ ಅಂಟಿಕೊಂಡೇ ಇರುತ್ತದೆ, ರಕ್ತ ಅಲ್ಲಿಂದ ಹರಿಯುತ್ತದೆ. ತನ್ನ ರಕ್ತವನ್ನು ತಾನೇ ತರುವುದರಿಂದ ಇದನ್ನು ಒಣ ಎಲುಬಿನ ಮೇಲೂ ಹಾಕಬಹುದು. ಕೂದಲೂ ಅದರ ಜೊತೆಗೇ ಬರುತ್ತದೆ. ಹಣೆಯ ಎರಡು ಬದಿ, ಕಿವಿಯ ಮುಂದೆ, ಕಿವಿಯ ಹಿಂದೆ, ಹಿಂದಲೆ, ಹೀಗೆ ಸುತ್ತಲಿನಿಂದ ತಲೆಗೆ ಧಾರಾಳ ರಕ್ತ ಬರುವುದರಿಂದ ಇಲ್ಲಿ ಫ್ಲಾಪ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಚರ್ಮ ಹಿಗ್ಗದು ಎಂಬ ಕಷ್ಟ ಇಲ್ಲೂ ಇದೆ. ಸಣ್ಣ ಗಾಯಕ್ಕೂ ಬಹಳ ಉದ್ದನೆಯ ಕೊಯ್ತ ಬೇಕಾಗುತ್ತದೆ. ಆಪರೇಶನ್ ಆದ ಮೇಲೆ ತಲೆಯಿಡೀ ಹೊಲಿಗೆ ಕಂಡು ಮನೆಯವರು ಹೆದರಬಾರದು. ದೊಡ್ಡ ಗಾಯಗಳಿಗೆ ಕೊಲಂಬಿಯಾದ ಸರ್ಜನ್ ಒರ್ಟಿಕೊಚಿಯಾ ತಲೆಯ ಚರ್ಮವನ್ನು ಮೂರು ನಾಲ್ಕು ಭಾಗಗಳಾಗಿ ಎಬ್ಬಿಸಿ ಹರಡುವ ವಿಧಾನವನ್ನು 1960ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು.

ಬಲೂನಿನಿಂದ ಚರ್ಮ ಬೆಳೆಸುವುದು. ಗರ್ಭಿಣಿಯ ಹೊಟ್ಟೆಯ ಚರ್ಮ ತಿಂಗಳುಗಳಲ್ಲಿ ಹಿಗ್ಗುವಂತೆ, ನಿಧಾನವಾಗಿ ಒತ್ತಿದರೆ ತಲೆಯ ಚರ್ಮವೂ ಬೆಳೆಯುತ್ತದೆ. 1957ರಲ್ಲಿ ನ್ಯೂಮನ್ ಎಂಬ ಸರ್ಜನ್ ಕಿವಿಯ ಪುನರ್ರಚನೆಗಾಗಿ ಚರ್ಮದಡಿ ರಬ್ಬರ್ ಬಲೂನು ಇಟ್ಟು ಇದನ್ನು ಮಾಡಿ ತೋರಿಸಿದರು. ಈಗ ಸಿಲಿಕೋನ್ ಚೀಲವನ್ನು ಕೂದಲಿರುವ ಚರ್ಮದಡಿ ಇಟ್ಟು, ವಾರವಾರವೂ ಸಲೈನ್ ತುಂಬುತ್ತಾರೆ. ಎರಡು ಮೂರು ತಿಂಗಳಲ್ಲಿ ಬೆಳೆದ ಚರ್ಮದಿಂದ ಬೋಳು ಜಾಗವನ್ನು ಮುಚ್ಚುತ್ತಾರೆ. ಕ್ಯಾನ್ಸರ್ ಇಷ್ಟು ಕಾಲ ಕಾಯುವುದಿಲ್ಲ. ಆದ್ದರಿಂದ ಮೊದಲು ರೋಗ ತೆಗೆದು ತಾತ್ಕಾಲಿಕವಾಗಿ ಕಸಿ ಮಾಡಿ, ರೋಗ ಮರಳಿಲ್ಲ ಎಂದು ಖಾತ್ರಿಯಾದ ಮೇಲೆ ಕೂದಲಿಗಾಗಿ ಇದನ್ನು ಮಾಡಿಸಿಕೊಳ್ಳಬಹುದು. ವಿಕಿರಣ ಚಿಕಿತ್ಸೆ ಪಡೆದ ಚರ್ಮಕ್ಕೆ ಇದು ಅಷ್ಟಾಗಿ ಹೊಂದುವುದಿಲ್ಲ.

ದೂರದ ಭಾಗದಿಂದ ತಂದು ಜೋಡಿಸುವುದು. ತಲೆಯ ಬಹುಭಾಗದ ಚರ್ಮ ಹೋಗಿ ಎಲುಬು ತೆರೆದುಕೊಂಡಾಗ ಪಕ್ಕದ ಚರ್ಮ ಸಾಲುವುದಿಲ್ಲ. ಆಗ ಬೆನ್ನಿನ ಅಗಲವಾದ ಸ್ನಾಯುವನ್ನೋ, ತೊಡೆಯ ದಪ್ಪ ಚರ್ಮವನ್ನೋ ಅದರ ರಕ್ತನಾಳಗಳ ಸಮೇತ ಬಿಡಿಸಿ ತಂದು, ಕಿವಿಯ ಮುಂದಿರುವ ಅಥವಾ ಕುತ್ತಿಗೆಯ ನಾಳಗಳಿಗೆ ಜೋಡಿಸುತ್ತಾರೆ. ಒಂದೆರಡು ಮಿಲಿಮೀಟರ್ ಅಗಲದ ನಾಳಗಳನ್ನು ಕೂದಲಿಗಿಂತ ತೆಳುವಾದ ದಾರದಿಂದ ಸೂಕ್ಷ್ಮದರ್ಶಕದಡಿ ಹೊಲಿಯುವ ಕೆಲಸವಿದು. ಅಮೆರಿಕದ ಮೆಕ್ಲೀನ್ ಮತ್ತು ಬಂಕೆ ಎಂಬ ಸರ್ಜನ್‌ಗಳು ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನು ಹೀಗೆ ತಲೆಗೆ ಜೋಡಿಸಿ 1972ರಲ್ಲಿ ವರದಿ ಮಾಡಿದರು. ದೇಹದ ಒಂದು ಭಾಗವನ್ನು ನಾಳಸಮೇತ ಇನ್ನೊಂದು ಭಾಗಕ್ಕೆ ಜೋಡಿಸಿದ ಮೊದಲ ಯಶಸ್ವಿ ಪ್ರಯತ್ನಗಳಲ್ಲಿ ಅದೂ ಒಂದು. ಈ ಆಪರೇಶನ್ ಹಲವು ಗಂಟೆಗಳ ಕಾಲ ನಡೆಯುತ್ತದೆ. ಆಮೇಲಿನ ಎರಡು ಮೂರು ದಿನ ನಿರ್ಣಾಯಕ. ನರ್ಸ್‌ಗಳು ರಾತ್ರಿಯಿಡೀ ಬಂದು ಅದರ ಬಣ್ಣ, ಬಿಸಿ ನೋಡುತ್ತಾರೆ. ನಾಳ ಕಟ್ಟಿಕೊಂಡಿತೆಂದರೆ ಕೂಡಲೇ ಮತ್ತೆ ಆಪರೇಶನ್ ಥಿಯೇಟರಿಗೆ ಒಯ್ಯಬೇಕಾಗುತ್ತದೆ.

ಇಷ್ಟು ದೊಡ್ಡ ಆಪರೇಶನ್ ತಾಳಲಾರದ ವಯಸ್ಸಾದವರಿಗೂ ದಾರಿಯಿದೆ. ಬುರುಡೆಯ ಹೊರಪದರವನ್ನು ರಕ್ತ ಜಿನುಗುವವರೆಗೆ ತುಸು ಕೆರೆದರೆ ಅಲ್ಲಿಂದ ಹೊಸ ಕೆಂಪು ಮಾಂಸ ಬೆಳೆಯುತ್ತದೆ. ಅದರ ಮೇಲೆ ಕಸಿ ಹಿಡಿಯುತ್ತದೆ. ಫ್ರಾನ್ಸಿನ ಬೆಲೋಸ್ತ್ ಎಂಬ ಸರ್ಜನ್ ತೆರೆದ ಬುರುಡೆಗೆ ಸಣ್ಣ ರಂಧ್ರಗಳನ್ನು ಕೊರೆದು ಮಾಂಸ ಬೆಳೆಸುವ ಉಪಾಯವನ್ನು 1696ರಲ್ಲೇ ಬರೆದಿದ್ದರು. ಬುರುಡೆಗೆ ಎರಡು ಗಟ್ಟಿ ಪದರಗಳಿರುವುದರಿಂದ ಹೊರಪದರವನ್ನು ಕೆರೆದರೆ ಮಿದುಳಿಗೆ ಏನೂ ಆಗುವುದಿಲ್ಲ. ಆದರೆ ಇದಕ್ಕೆ ವಾರಗಟ್ಟಲೆ ಡ್ರೆಸ್ಸಿಂಗ್ ಬೇಕು, ತಾಳ್ಮೆ ಬೇಕು.

ಈಗ ಈ ದಾರಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಚಿಕ್ಕ ಹುಣ್ಣಿನೊಂದಿಗೆ ಬಂದವರಿಗೆ ಸಣ್ಣದೊಂದು ಹೊಲಿಗೆ. ಪೊರೆ ಉಳಿದಿರುವಾಗ ಬಂದವರಿಗೆ ತೊಡೆಯ ತೆಳು ಚರ್ಮ. ಎಲುಬಿಗೆ ಇಳಿದ ಮೇಲೆ ಬಂದವರಿಗೆ ಇಡೀ ದಿನದ ಆಪರೇಶನ್. ಮೂವರ ರೋಗವೂ ಒಂದೇ ಆಗಿರಬಹುದು. ವ್ಯತ್ಯಾಸ ಅವರು ಬಂದ ಸಮಯದ್ದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಆಪರೇಶನ್‌ಗೆ ಒಪ್ಪಿಗೆಯ ಸಹಿ ಹಾಕುವ ಮೊದಲು ಈ ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಿ. ಇದು ಯಾವ ಬಗೆಯ ಕ್ಯಾನ್ಸರ್? ಎಲುಬಿಗೆ ಅಥವಾ ಕುತ್ತಿಗೆಯ ಗ್ರಂಥಿಗಳಿಗೆ ಹರಡಿದೆಯೇ? ಗಾಯವನ್ನು ಅಂದೇ ಮುಚ್ಚುತ್ತೀರೋ, ವರದಿ ಬಂದ ಮೇಲೋ? ಯಾವ ವಿಧಾನದಿಂದ ಮುಚ್ಚುತ್ತೀರಿ, ಅದು ಹಿಡಿಯದಿದ್ದರೆ ಮುಂದೇನು? ಆಮೇಲೆ ವಿಕಿರಣ ಚಿಕಿತ್ಸೆ ಬೇಕಾಗಬಹುದೇ? ಕೊನೆಯ ಪ್ರಶ್ನೆ ಮುಖ್ಯ. ತೆಳುವಾದ ಕಸಿಗಿಂತ ದಪ್ಪ ಫ್ಲಾಪ್ ವಿಕಿರಣವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಆದ್ದರಿಂದ ವಿಕಿರಣ ಬೇಕೆಂದು ಮೊದಲೇ ಗೊತ್ತಿದ್ದರೆ ಸರ್ಜನ್ ಬೇರೆ ವಿಧಾನವನ್ನು ಆರಿಸಿಕೊಳ್ಳಬಹುದು.

ನಿಮ್ಮ ಕಡೆಯಿಂದ ಹೇಳಬೇಕಾದದ್ದೂ ಇದೆ. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರೇ, ಹಿಂದೆ ತಲೆಗೆ ಆಪರೇಶನ್ ಅಥವಾ ವಿಕಿರಣ ಆಗಿದೆಯೇ ಎಂಬುದನ್ನು ಮುಚ್ಚಿಡಬೇಡಿ. ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಬಿಡಲೇಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕಸಿಯಾಗಲಿ ಫ್ಲಾಪ್ ಆಗಲಿ ಬದುಕುವುದು ಆ ನಾಳಗಳಿಂದಲೇ.

ಮನೆಗೆ ಬಂದ ಮೇಲೆ

ಟೋಪಿ ಮತ್ತು ಶಾಲು: ಬಿಗಿಯಾದ ಟೋಪಿ, ಶಾಲಿನಡಿ ಹಾಕುವ ಬಿಗಿ ಪಟ್ಟಿ, ಪಿನ್ನು, ಗಂಟು ಇವು ಹೊಸ ಚರ್ಮವನ್ನು ಒತ್ತಬಾರದು. ದೂರದಿಂದ ತಂದ ಫ್ಲಾಪ್ ಆಗಿದ್ದರೆ ಅದರ ರಕ್ತನಾಳ ಹೆಚ್ಚಾಗಿ ಕಿವಿಯ ಮುಂದೆ ಹಾದುಹೋಗುತ್ತದೆ. ಅಲ್ಲಿ ಕನ್ನಡಕದ ಕಡ್ಡಿ ಅಥವಾ ಟೋಪಿಯ ಅಂಚು ಒತ್ತಿದರೂ ರಕ್ತ ನಿಲ್ಲಬಹುದು. ಯಾವ ಜಾಗ ಎಂದು ಸರ್ಜನ್ ಬಳಿ ಬೆರಳಿಟ್ಟು ತೋರಿಸಲು ಹೇಳಿ. ಗಾಯ ಮಾಯುವವರೆಗೆ ಹತ್ತಿಯ ಸಡಿಲ ಬಟ್ಟೆ ಸಾಕು. ಮಲಗುವಾಗಲೂ ಆ ಬದಿಗೆ ಭಾರ ಬೀಳಬಾರದು.

ವುಝೂ ಮತ್ತು ಸ್ನಾನ: ಡ್ರೆಸ್ಸಿಂಗ್ ಒದ್ದೆಯಾದರೆ ಸೋಂಕು ತಗಲಿ ಕಸಿ ಹಾಳಾಗಬಹುದು. ವೈದ್ಯರು ನೀರು ತಾಗಿಸಬಾರದು ಎಂದರೆ ಅದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಗಾಯ ಮತ್ತು ಪಟ್ಟಿ ಇರುವವರಿಗೆ ಮಸಹ್ ಮತ್ತು ತಯಮ್ಮುಮ್‌ನ ರಿಯಾಯಿತಿಗಳು ಕರ್ಮಶಾಸ್ತ್ರದಲ್ಲಿವೆ. ಯಾವ ಸ್ಥಿತಿಯಲ್ಲಿ ಯಾವುದು ಎಂಬುದನ್ನು ನಿಮ್ಮ ಮದ್‌ಹಬ್ ಬಲ್ಲ ಉಲಮಾಗಳಲ್ಲಿ ಕೇಳಿ. ಆದರೆ ನೀರು ಹಾನಿಕರವೇ ಅಲ್ಲವೇ ಎಂದು ಹೇಳಬೇಕಾದವರು ವೈದ್ಯರು.

ನಮಾಝ್: ತಲೆ ಬಗ್ಗಿಸಿದಾಗ ತಲೆಯ ರಕ್ತನಾಳಗಳಲ್ಲಿ ಒತ್ತಡ ಹೆಚ್ಚುತ್ತದೆ, ಬಾವು ಬರುತ್ತದೆ, ಹೊಸ ಗಾಯದಲ್ಲಿ ರಕ್ತ ಜಿನುಗಬಹುದು. ಹಣೆಯ ಬಳಿ ಆಪರೇಶನ್ ಆಗಿದ್ದರೆ ನೆಲದ ಒತ್ತಡವೂ ಸೇರುತ್ತದೆ. ಆರಂಭದ ದಿನಗಳಲ್ಲಿ ಕುಳಿತು, ಸನ್ನೆಯಿಂದ ಸುಜೂದ್ ಮಾಡುವ ಅವಕಾಶ ರೋಗಿಗಳಿಗಿದೆ. ಎಂದಿನಿಂದ ಪೂರ್ತಿ ಬಗ್ಗಬಹುದು ಎಂದು ಸರ್ಜನ್‌ರನ್ನು ಕೇಳಿ ತಿಳಿಯಿರಿ.

ಬಿಸಿಲು ಮತ್ತು ಹಜ್ ಉಮ್ರಾ: ಕಸಿ ಚರ್ಮಕ್ಕೆ ಕೂದಲಿನ ರಕ್ಷಣೆಯಿಲ್ಲ, ಬೆವರು ಗ್ರಂಥಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಅದು ಬೇಗ ಒಣಗುತ್ತದೆ, ಬೇಗ ಸುಡುತ್ತದೆ. ಮಾಯ್ದ ಮೇಲೆ ದಿನವೂ ತೆಳುವಾಗಿ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಬಿಸಿಲಿಗೆ ಹೋಗುವಾಗ ಮುಚ್ಚಿಕೊಳ್ಳಿ. ಇಹ್ರಾಮ್‌ನಲ್ಲಿ ಪುರುಷರು ತಲೆ ಮುಚ್ಚುವಂತಿಲ್ಲ, ಆದರೆ ಕೊಡೆ ಹಿಡಿಯಲು ಅಡ್ಡಿಯಿಲ್ಲ. ತಲೆ ಬೋಳಿಸುವಾಗ ಕ್ಷೌರಿಕನಿಗೆ ಕಸಿಯ ಜಾಗವನ್ನು ಮೊದಲೇ ತೋರಿಸಿ. ಆ ತೆಳು ಚರ್ಮದ ಮೇಲೆ ಅಲಗು ಆಡಿಸಬಾರದು. ಬೋಳಿಸುವ ಬದಲು ಕೂದಲು ಕತ್ತರಿಸಿಕೊಳ್ಳುವ ಆಯ್ಕೆಯೂ ಇದೆ. ಹೊರಡುವ ಮೊದಲು ಸರ್ಜನ್‌ರನ್ನು ಒಮ್ಮೆ ಕಾಣಿರಿ.

ಮರುಪರೀಕ್ಷೆ: ಗಾಯ ಮಾಯ್ದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಮೊದಲ ಎರಡು ವರ್ಷ ರೋಗ ಮರಳುವ ಸಾಧ್ಯತೆ ಹೆಚ್ಚು. ಹೇಳಿದ ದಿನಕ್ಕೆ ತಪ್ಪದೆ ಹೋಗಿ. ಮನೆಯವರೊಬ್ಬರು ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ ಕೂದಲು ಬಿಡಿಸಿ ತಲೆ ನೋಡಲಿ, ಕಿವಿಯ ಮುಂದೆ ಮತ್ತು ಕುತ್ತಿಗೆಯಲ್ಲಿ ಬೆರಳಾಡಿಸಿ ಗಂಟು ಇದೆಯೇ ಎಂದು ನೋಡಲಿ.

ಖರ್ಚಿನ ಚಿಂತೆ

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಕ್ಯಾನ್ಸರಿಗಾಗಿಯೇ ಇರುವ ಸರ್ಕಾರಿ ಸಂಸ್ಥೆ. ಇದಲ್ಲದೆ ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆಗಳು ನಡೆಯುತ್ತವೆ. 'ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ' ಯೋಜನೆಯಡಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವು ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗಿಟ್ಟುಕೊಂಡು, ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು ಏನೇನು ಸೇರುತ್ತದೆ ಎಂದು ಕೇಳಿ. ಚಿಕ್ಕ ಹುಣ್ಣಿಗೆ ಆಗುವ ಖರ್ಚೂ ಚಿಕ್ಕದೇ ಎಂಬುದನ್ನು ಮರೆಯಬೇಡಿ.

ಈ ಲೇಖನ ಓದಿ ಮುಗಿಸಿದ ಮೇಲೆ ಮಾಡಬಹುದಾದ ಕೆಲಸವೊಂದಿದೆ. ಮನೆಯ ಹಿರಿಯರ ತಲೆಗೆ ಎಣ್ಣೆ ಹಚ್ಚುವಾಗ ಬೆರಳ ಜೊತೆ ಕಣ್ಣನ್ನೂ ಆಡಿಸಿ. "ಏನಿಲ್ಲ, ಸಣ್ಣ ಗಾಯ, ಬಹಳ ದಿನದಿಂದ ಇದೆ" ಎಂದು ಅವರು ಹೇಳಿದರೆ, ಆ 'ಬಹಳ ದಿನ' ಎಷ್ಟು ಎಂದು ಕೇಳಿ. ಒಂದು ತಿಂಗಳು ದಾಟಿದ್ದರೆ ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ.